ಮಳೆಗಿಂತ ಮುಂಚೆ ಬಂದ ನೀರು

ಮೂರು ವರ್ಷದ ಹಿಂದಿನ ನವೆಂಬರ್. ನಾನಾಗ ಮಂಡ್ಯದ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ಹವಾಮಾನ ವಿಶ್ಲೇಷಕಿ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಎಲ್ಲಾದರೂ ನೀರು ನುಗ್ಗಿದರೆ, ಮಳೆ ಎಷ್ಟು ಬಿತ್ತು, ಯಾಕೆ ಬಿತ್ತು ಎಂದು ವರದಿಯ ಒಂದು ಅಧ್ಯಾಯ ಬರೆದುಕೊಡುವುದು. ಹೊಳಲಿನ ನಮ್ಮ ಮನೆಯಲ್ಲಿ ಇದನ್ನು ಕೆಲಸ ಎಂದು ಯಾರೂ ಒಪ್ಪಿರಲಿಲ್ಲ. ‘ಬಿದ್ದೋಗಿರೋ ಮಳೇನ ಅಳೆಯಾಕೂ ಸಂಬ್ಳ ಕೊಟ್ಟಾರೇನವ್ವ?’ ಎಂದು ಅಜ್ಜಿ ಕೇಳುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಯಾರಾದರೂ ಒಂದು ಮಾತನ್ನು ತೀರಾ ಖಚಿತವಾಗಿ ಹೇಳಿದರೆ ಅದನ್ನು ಮಗುಚಿ ಅಡಿ ನೋಡದೆ ಬಿಡುವ ಅಭ್ಯಾಸ ನನಗಿಲ್ಲ.

ಆ ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ಒಂದು ಚಂಡಮಾರುತ ತಮಿಳುನಾಡಿನ ಕರಾವಳಿ ದಾಟಿ, ಸೊರಗಿ, ವಾಯುಭಾರ ಕುಸಿತವಾಗಿ ನಮ್ಮ ಕಡೆ ಬಂತು. ಎರಡು ದಿನ ಜಿಟಿಜಿಟಿ, ಆಮೇಲೆ ಒಂದು ರಾತ್ರಿ ಧಾರಾಕಾರ. ಮದ್ದೂರಿನ ಅಂಚಿನ ಕೆಳಗಲ ಬೀದಿ ಎಂಬ ಓಣಿಯ ಮನೆಗಳಿಗೆಲ್ಲ ನೀರು ನುಗ್ಗಿತು. ಆ ಬೀದಿಯವರಿಗೆ ಹಸುಗಳೇ ಜೀವನ. ಪ್ರತಿ ಮನೆಯ ಹಿಂದೆ ಒಂದು ಕೊಟ್ಟಿಗೆ, ಬೀದಿಯ ತುದಿಯಲ್ಲಿ ಹಾಲಿನ ಡೈರಿ. ಮೇಲುಗಡೆ ಒಂದು ಕೆರೆ, ಆ ವರ್ಷದ ಮಳೆಗೆ ಮೊದಲೇ ಅಂಚಿನವರೆಗೆ ತುಂಬಿತ್ತು. ಕೆರೆ ಕೋಡಿ ಬಿದ್ದರೆ ಆ ನೀರು ಬೀದಿಯ ಪಕ್ಕದ ಹಳ್ಳದಲ್ಲಿ ಹರಿದು ಶಿಂಷಾ ನದಿಗೆ ಸೇರಬೇಕು. ಬೀದಿಗೂ ಶಿಂಷೆಗೂ ನಡುವೆ ಈಚೆಗೆ ಒಂದು ಹೊಸ ಬಡಾವಣೆ ಎದ್ದಿತ್ತು. ಅದರ ರಸ್ತೆಯ ಕೆಳಗೆ ಹಳ್ಳವನ್ನು ಒಂದು ಸಿಮೆಂಟ್ ಪೈಪಿನೊಳಗೆ ತೂರಿಸಿದ್ದರು.

ಪ್ರವಾಹದ ಕಾರಣ ಹುಡುಕುವ ಹೊಣೆ ನಮ್ಮ ಸಂಸ್ಥೆಗೆ ಬಂತು. ತಂಡದ ಮುಖ್ಯಸ್ಥರು ಒಬ್ಬ ಹಿರಿಯ ಎಂಜಿನಿಯರ್. ಪೈಪಿನ ವಿನ್ಯಾಸಕ್ಕೆ ಹಿಂದೆ ಸಹಿ ಹಾಕಿದ್ದವರು ಅವರೇ. ತನ್ನ ಪೈಪನ್ನು ತಾನೇ ತನಿಖೆ ಮಾಡುವುದು ಸರಿಯೇ ಎಂದು ನಾನು ಕೇಳಿದ್ದಕ್ಕೆ, ‘ಅನುಭವ ಇರೋರೇ ಮಾಡ್ಬೇಕಮ್ಮ’ ಎಂದರು. ಬಳಿಕ ನನ್ನಿಂದ ಒಂದು ಟಿಪ್ಪಣಿ ಬರೆಸಿದರು. ವಿಷಯ: ಚಂಡಮಾರುತದ ಮಳೆಯ ಮೇಲೆ ನಗರಗಳ ಪರಿಣಾಮ.

ಬರೆದೆ. ಅದರಲ್ಲಿ ಸುಳ್ಳೇನಿರಲಿಲ್ಲ. ಬಿರುಗಾಳಿ ಬಯಲಿನ ಮೇಲೆ ಸಲೀಸಾಗಿ ಓಡುತ್ತದೆ, ಎತ್ತರದ ಕಟ್ಟಡಗಳು ಒತ್ತೊತ್ತಾಗಿರುವ ಕಡೆ ನೆಲಕ್ಕೆ ಹತ್ತಿರದ ಗಾಳಿಗೆ ತಡೆ ಬೀಳುತ್ತದೆ. ಹಿಂದಿನಿಂದ ಬರುವ ಗಾಳಿ ಅಲ್ಲಿ ಒಟ್ಟಿಕೊಂಡು ಮೇಲಕ್ಕೇರುತ್ತದೆ. ತೇವ ತುಂಬಿದ ಗಾಳಿ ಮೇಲೇರಿದಷ್ಟೂ ಮಳೆ. ಕಾಂಕ್ರೀಟು ಹೀರಿಟ್ಟುಕೊಂಡ ಬಿಸಿಯೂ ಅದನ್ನು ಮೇಲೆ ತಳ್ಳುತ್ತದೆ, ಆದರೆ ದಿನಗಟ್ಟಲೆ ಮೋಡ ಕವಿದಿದ್ದಾಗ ಬಿಸಿಗಿಂತ ತಡೆಯೇ ಮುಖ್ಯ. ಹೆಚ್ಚಿನ ಮಳೆ ನಗರದ ಮೇಲೂ ಬೀಳಬಹುದು, ಗಾಳಿ ಸಾಗುವ ದಿಕ್ಕಿನಲ್ಲಿ ಮುಂದೆಯೂ ಬೀಳಬಹುದು. ಅಂದು ಗಾಳಿ ಈಶಾನ್ಯದಿಂದ ಬೀಸುತ್ತಿತ್ತು, ಬೆಂಗಳೂರಿನಿಂದ ನೈಋತ್ಯಕ್ಕೆ ಮದ್ದೂರು. ಆದ್ದರಿಂದ ಬೆಂಗಳೂರಿನ ಪ್ರಭಾವ ಇದ್ದಿರಬಹುದು. ಆದರೆ ಒಂದು ನಿರ್ದಿಷ್ಟ ಮಳೆಯಲ್ಲಿ ಅದರ ಪಾಲೆಷ್ಟು ಎಂಬುದನ್ನು ಕಂಪ್ಯೂಟರ್ ಮಾದರಿಯಲ್ಲಿ ನಗರವನ್ನು ಇಟ್ಟು ನೋಡಿ, ತೆಗೆದು ನೋಡಿ ಹೋಲಿಸದೆ ಹೇಳಲಾಗದು. ಹಾಗೆಂದೇ ಬರೆದಿದ್ದೆ.

ಕರಡು ವರದಿ ಕೈಗೆ ಬಂದಾಗ ನನ್ನ ‘ಇದ್ದಿರಬಹುದು’ ಅಳಿಸಿಹೋಗಿ ‘ಇದೆ’ ಆಗಿತ್ತು. ತೀರ್ಮಾನ ಹೀಗಿತ್ತು: ಬೆಂಗಳೂರಿನ ನಗರೀಕರಣದಿಂದ ಚಂಡಮಾರುತದ ಮಳೆ ವಿಪರೀತವಾಗಿದೆ, ಮುಂದೆ ಇನ್ನೂ ಹೆಚ್ಚಲಿದೆ, ಯಾವ ಪೈಪೂ ಇದನ್ನು ತಾಳಲಾರದು, ಆದ್ದರಿಂದ ಕೆಳಗಲ ಬೀದಿಯನ್ನು ಪ್ರವಾಹ ವಲಯವೆಂದು ಘೋಷಿಸಿ, ಅಲ್ಲಿನವರನ್ನು ನಿಡಘಟ್ಟದ ಕಡೆಯ ಒಂದು ಬೋಳು ದಿಣ್ಣೆಗೆ ಸ್ಥಳಾಂತರಿಸಬೇಕು. ಆ ದಿಣ್ಣೆಯ ನಕ್ಷೆಯಲ್ಲಿ ಸಾಲಾಗಿ ಮನೆಗಳಿದ್ದವು. ಒಂದು ಕೊಟ್ಟಿಗೆಗೂ ಜಾಗವಿರಲಿಲ್ಲ. ಹಸು ಮಾರಿ ಬದುಕಿ ಎಂಬುದನ್ನು ಇದಕ್ಕಿಂತ ನಯವಾಗಿ ಹೇಳಲು ಸಾಧ್ಯವಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿ ವಾದವಾಗುವುದಿಲ್ಲ. ವಾದಕ್ಕೆ ಬೇಕಾದದ್ದು ಕೆಳಗಲ ಬೀದಿಯಲ್ಲಿ ಸಿಗಬಹುದೆಂದು ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ.

ಅಲ್ಲಿ ಮೊದಲು ಸಿಕ್ಕವರು ಅಂಗಡಿ ಜವರೇಗೌಡರು. ನಾಲ್ಕು ಹಸು, ಒಂದು ಚಿಲ್ಲರೆ ಅಂಗಡಿ, ಊರಿಗೆಲ್ಲ ಕೇಳುವ ಗಂಟಲು. ‘ಬರ್ಕೊಳವ್ವ,’ ಎಂದರು. ‘ಇಂಥ ಮಳೆ ನಮ್ಮ ತಾತನೂ ಕಂಡಿಲ್ಲ. ಆಕಾಸವೇ ಕಳಚ್ಕಂಡು ಬಿತ್ತು. ಟೀವಿಯೋರ್ಗೂ ಇದ್ನೇ ಏಳಿವ್ನಿ.’ ಅವರ ಹಿಂದೆ ನಿಂತವರು ಇನ್ನಷ್ಟು ಏರಿಸಿದರು. ಒಬ್ಬರ ಮಳೆಗಿಂತ ಇನ್ನೊಬ್ಬರ ಮಳೆ ಜೋರು. ಮಳೆ ದೊಡ್ಡದಾದಷ್ಟೂ ಪರಿಹಾರ ದೊಡ್ಡದು ಎಂದು ಇಡೀ ಬೀದಿ ನಂಬಿಕೊಂಡಿತ್ತು.

ನನಗೆ ಅವರ ಮೇಲೂ ಸಿಟ್ಟು ಬಂತು. ‘ನೀವು ಹೀಗೇ ಮಳೆ ಹೊಗಳ್ತಾ ಕೂತ್ಕೊಳ್ಳಿ ಗೌಡ್ರೇ. ಪೈಪಿನದು ತಪ್ಪಿಲ್ಲ, ಮಳೇದೇ ತಪ್ಪು ಅಂತ ನೀವೇ ಸಾಕ್ಷಿ ಹೇಳಿದಂಗಾಯ್ತು. ಹಸು ಮಾರಿ ದಿಣ್ಣೆ ಹತ್ತಿ,’ ಎಂದೆ.

ಎದುರು ಜಗುಲಿಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದ ಜಯಮ್ಮ ಎಂಬಾಕೆ ತಲೆಯೆತ್ತದೆ ನಕ್ಕರು. ‘ಓಗ್ಲಿ ಬುಡವ್ವ, ಅವನ ಮಾತಿಗೆ ಸುಂಕ ಇಲ್ಲ. ಲೋ ಜವರಣ್ಣ, ಅವತ್ತು ಡೈರಿ ತಾವ ಕೊಚ್ಚೆ ನೀರಲ್ಲಿ ಪಂಚೆ ಎತ್ಕಂಡು ನಿಂತಿದ್ದಲ್ಲ, ಆಗೆಲ್ಲೋಗಿತ್ತು ನಿನ್ನ ಆಕಾಸ? ತುಂತ್ರು ತಾನೆ ಉದುರ್ತಿದ್ದುದ್ದು?’

‘ಅದು ಸಂಜೆ ಕಣಕ್ಕ,’ ಎಂದರು ಗೌಡರು. ‘ಮಳೆ ಉಯ್ದಿದ್ದು ರಾತ್ರಿ.’

‘ನೀರು ಬಂದಿದ್ದು?’ ಎಂದೆ ನಾನು.

ಜಯಮ್ಮ ಬೂಸಾ ಕಲಸುವುದನ್ನು ಬಿಟ್ಟು ತಲೆಯೆತ್ತಿದರು. ಬೀದಿಯವರು ನೀರಿನ ಹೊತ್ತನ್ನೂ ಮಳೆಯ ಹೊತ್ತನ್ನೂ ಎಂದೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ನಮ್ಮ ವರದಿಯೂ ಇಟ್ಟು ನೋಡಿರಲಿಲ್ಲ. ಮಳೆಯ ದಿನ ಎಂದರೆ ಕಚೇರಿಗಳಲ್ಲಿ ಒಂದು ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆ. ಅಷ್ಟೂ ಹೊತ್ತಿನ ಮಳೆಯನ್ನು ಕೂಡಿಸಿ ಒಂದೇ ಅಂಕಿ ಕೊಡುತ್ತಾರೆ. ಆ ಅಂಕಿಯೊಳಗೆ ಸಂಜೆಯ ತುಂತುರೂ ರಾತ್ರಿಯ ಧಾರೆಯೂ ಬೆರೆತು ಹೋಗುತ್ತವೆ. ಎಂಜಿನಿಯರ್ ಸಾಹೇಬರು ಆ ಒಂದು ಅಂಕಿಯನ್ನು ಹಿಡಿದು ‘ರಾತ್ರಿ ಭಾರಿ ಮಳೆ, ರಾತ್ರಿ ಪ್ರವಾಹ’ ಎಂದು ಬರೆದಿದ್ದರು. ಸ್ವಯಂಚಾಲಿತ ಮಳೆಮಾಪಕವಾದರೆ ಕಾಲುಗಂಟೆಗೊಮ್ಮೆ ಅಳೆಯುತ್ತದೆ. ಅದನ್ನು ಬಿಡಿಸಿ ನೋಡಿದೆ. ಜೋರು ಮಳೆ ಶುರುವಾದದ್ದು ಊರು ಮಲಗಿದ ಮೇಲೆಯೇ. ನೀರು ಯಾವಾಗ ಬಂತೆನ್ನುವುದಕ್ಕೆ ಬೀದಿಯೇ ಗಡಿಯಾರ: ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ ಅಲ್ಲಿ ಎಲ್ಲ ಮನೆಯವರೂ ಒಟ್ಟಿಗೆ ಹೊರಗಿರುತ್ತಾರೆ. ಅದು ತಪ್ಪಿದರೆ ಡೈರಿ ಬಾಗಿಲು ಹಾಕುತ್ತದೆ, ಆ ಹೊತ್ತಿನ ಹಾಲು ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಮದುವೆಯಾಗಲಿ ಸಾವಾಗಲಿ, ಹಾಲಿನ ಹೊತ್ತು ಮಾತ್ರ ಯಾರೂ ಮರೆಯುವುದಿಲ್ಲ.

ವಿಚಾರಣಾ ಸಭೆ ಸಮುದಾಯ ಭವನದಲ್ಲಿ ನಡೆಯಿತು. ಮೇಲಧಿಕಾರಿಯೊಬ್ಬರು ಅಧ್ಯಕ್ಷರು. ಎಂಜಿನಿಯರ್ ನನ್ನದೇ ಚಿತ್ರಗಳನ್ನು ಪರದೆಯ ಮೇಲೆ ಹಾಕಿದರು: ಬೆಂಗಳೂರು, ಬಾಣದ ಗುರುತು, ಮದ್ದೂರು. ಹೊರದೇಶಗಳ ನಗರಗಳಲ್ಲೂ ಇದು ರುಜುವಾತಾಗಿದೆ ಎಂದರು. ಮುಗಿಸಿ, ಜವರೇಗೌಡರ ಕಡೆ ತಿರುಗಿ, ‘ನೀವೇ ಹೇಳಿ ಗೌಡ್ರೇ, ಇಂಥ ಮಳೆ ಹಿಂದೆ ಯಾವತ್ತಾದ್ರೂ ಕಂಡಿದ್ದೀರಾ?’ ಎಂದು ಕೇಳಿದರು.

ನಾನು ಎದ್ದು ನಿಂತೆ. ‘ಸಾರ್ ಹೇಳಿದ ವಿಜ್ಞಾನ ನಿಜ. ಬರೆದವಳೇ ನಾನು. ಅದಕ್ಕೆ ನನ್ನದೊಂದೇ ಪ್ರಶ್ನೆ, ಬೀದಿಯವರಿಗೆ: ಅವತ್ತು ಸಂಜೆ ಹಾಲು ಹಾಕುವಾಗ ನೀರೆಲ್ಲಿತ್ತು?’

ಎಂಜಿನಿಯರ್ ಮುಖ ಗಂಟಿಕ್ಕಿದರು. ‘ಇದು ಟೆಕ್ನಿಕಲ್ ಮೀಟಿಂಗು ಕಣಮ್ಮ.’

‘ಮೊಣಕಾಲ್ಗಂಟ,’ ಎಂದಿತು ಹಿಂದಿನ ಸಾಲು. ‘ಕ್ಯಾನ್ ತಲೆ ಮ್ಯಾಲೆ ಒತ್ಕಂಡು ಓಗಿದ್ವಿ,’ ಎಂದರು ಜಯಮ್ಮ. ಆದರೆ ಎಲ್ಲರ ಕಣ್ಣು ಜವರೇಗೌಡರ ಮೇಲೆ. ಟೀವಿಯಲ್ಲಿ ಬಂದ ಮಳೆ ಅವರದು, ಅದನ್ನು ಇಳಿಸಬೇಕಾದವರೂ ಅವರೇ. ಅವರು ಪಂಚೆ ಸರಿಮಾಡಿಕೊಂಡು ಎದ್ದರು.

‘ಮಳೆ ಜೋರಾಗೇ ಬಂತು ಸ್ವಾಮಿ, ನಾನು ಸುಳ್ಳೇಳಿಲ್ಲ. ಆದ್ರೆ ಅದು ರಾತ್ರಿ. ಸಂಜೆಗೇ ನೀರು ಬಂದು ಒಳಗೆ ಕುಂತಿತ್ತು. ಕೆರೆ ಕೋಡಿ ನೀರು ಪೈಪ್ ತಾವ ತಡ್ಕಂಡು ಇಂದ್ಕೆ ತಿರುಗ್ತು. ಮಳೆಗಿಂತ ಮುಂಚೆ ಬಂದ ನೀರಿಗೆ ಬೆಂಗ್ಳೂರು ಏನ್ ಮಾಡಾತು?’

ಸಭೆ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ನನ್ನಿಂದ ಕಾಲುಗಂಟೆಯ ಲೆಕ್ಕ ತರಿಸಿಕೊಂಡು ನೋಡಿದರು. ರಾತ್ರಿಯ ಮಳೆ ನೀರನ್ನು ಮೊಣಕಾಲಿನಿಂದ ಸೊಂಟಕ್ಕೆ ಏರಿಸಿತು, ಆ ಏರಿಕೆಯಲ್ಲಿ ಬೆಂಗಳೂರಿನ ಪಾಲೂ ಇರಬಹುದು ಎಂದು ನಾನೇ ಹೇಳಿದೆ. ಎದುರಾಳಿಯ ಸತ್ಯವನ್ನು ನುಂಗಿ ಗೆಲ್ಲುವುದು ನನಗೆ ಇಷ್ಟವಿಲ್ಲ. ಇನ್ನು ಮುಂದೆ ಮಳೆ ಹೆಚ್ಚುವುದೇ ಖಚಿತವಾದರೆ ಹಳ್ಳ ಅಗಲವಾಗಬೇಕೋ, ಬೀದಿ ಖಾಲಿಯಾಗಬೇಕೋ ಎಂದೂ ಕೇಳಿದೆ. ಅಧ್ಯಕ್ಷರು ಅದನ್ನೂ ಬರೆದುಕೊಂಡರು.

ಸ್ಥಳಾಂತರದ ಪ್ರಸ್ತಾವ ಬಿದ್ದುಹೋಯಿತು. ಪೈಪು ಕಿತ್ತು, ಹಳ್ಳದಷ್ಟೇ ಅಗಲದ ಮೋರಿ ಕಟ್ಟಲು ಆದೇಶವಾಯಿತು. ನನ್ನ ಗುತ್ತಿಗೆಯನ್ನು ಸಂಸ್ಥೆ ಮುಂದುವರಿಸಲಿಲ್ಲ. ಎಂಜಿನಿಯರ್ ಸಾಹೇಬರು ನನ್ನ ಬಾಣದ ಚಿತ್ರ ಹಿಡಿದು ಊರೂರಲ್ಲಿ ಉಪನ್ಯಾಸ ಕೊಡುತ್ತಿದ್ದಾರಂತೆ. ಸುಳ್ಳು ಹೇಳಿದ್ದರೆ ಅವರನ್ನು ಹಿಡಿಯುವುದು ಸುಲಭವಿತ್ತು. ಅವರು ಒಂದು ನಿಜವನ್ನು ತಂದು ತಮ್ಮ ಪೈಪಿಗೆ ಅಡ್ಡ ನಿಲ್ಲಿಸಿದರು. ಆ ಕೆಲಸ ನನಗೆ ಕಲಿಸಿದ್ದು ಇದೇ: ಯಾವ ದೊಡ್ಡ ಕಾರಣ ಬಂದು ಎದುರು ನಿಂತರೂ, ಎಷ್ಟೇ ನಿಜವಾಗಿದ್ದರೂ, ನೀನು ಬಂದದ್ದು ಎಷ್ಟು ಹೊತ್ತಿಗೆ ಎಂದು ಮೊದಲು ಕೇಳಬೇಕು. ಈಗಲೂ ಪ್ರತಿ ಪ್ರವಾಹದ ಮರುದಿನ ಯಾರಾದರೂ ಮೈಕು ಹಿಡಿದು ಹವಾಮಾನ ಬದಲಾವಣೆ ಎಂದಾಗ, ಅವರ ಹಿಂದೆ ಯಾವ ಪೈಪು ಅಡಗಿದೆಯೆಂದು ನಾನು ಹುಡುಕುತ್ತೇನೆ.

ಕಳೆದ ನವೆಂಬರ್‌ನಲ್ಲಿ, ಹೊಸ ಮೋರಿ ಮುಗಿದ ಮೇಲೆ, ಮತ್ತೊಂದು ವಾಯುಭಾರ ಕುಸಿತ ಬಂತು. ಗಾಳಿ ಅದೇ ಬೆಂಗಳೂರಿನ ಕಡೆಯಿಂದ. ಸಂಜೆ ಜಯಮ್ಮನ ಫೋನು.

‘ಆಲು ಆಕ್ಬುಟ್ಟು ಬಂದೆ ಕಣವ್ವ. ಕಾಲು ಒದ್ದೆ ಆಗ್ನಿಲ್ಲ.’

‘ಮಳೆ?’ ಎಂದೆ.

‘ಕೇಳು,’ ಎಂದು ಫೋನನ್ನು ಸೂರಿನಾಚೆಗೆ ಹಿಡಿದರು. ಮಳೆ ಎಷ್ಟು ಜೋರಾಗಿತ್ತೆಂದರೆ ಅವರ ಮುಂದಿನ ಮಾತು ನನಗೆ ಕೇಳಿಸಲೇ ಇಲ್ಲ.