ಬಾಯಿ ತೆರೆಯಲಾಗದ ನಾಯಿ

ನರಿಕೊಂಬು ಊರಿನ ನಮ್ಮ ಮನೆಯ ನಾಯಿ ಒಂದು ತಿಂಗಳಿಂದ ಬಾಯಿ ತೆರೆಯಲು ಹೋದರೆ ನೋವಿನಿಂದ ಕಿರುಚುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಜೊಲ್ಲು ಕಂಡ ನೆರೆಯವರು, "ಇದು ಹುಚ್ಚು ಮಾರಾಯ್ರೆ, ಕೊಲ್ಲಿಸಿಬಿಡಿ" ಎಂದರು.

"ಹುಚ್ಚಾದರೆ ಒಂದು ತಿಂಗಳು ಬದುಕ್ತದಾ?" ಎಂದ ಪಶುವೈದ್ಯರು, ಮಂಗಳೂರಿನಲ್ಲಿ ಮನುಷ್ಯರಿಗೆ ಸಿ.ಟಿ. ಸ್ಕ್ಯಾನ್ ಮಾಡುವ ತಮ್ಮ ಗೆಳೆಯರನ್ನು ಒಪ್ಪಿಸಿದರು. ರೋಗಿಗಳಿಲ್ಲದ ಭಾನುವಾರ ನಾಯಿಗೆ ಅರಿವಳಿಕೆ ಕೊಟ್ಟು ಯಂತ್ರದೊಳಗೆ ಮಲಗಿಸಿದರು.

ಗಾಜಿನ ಈಚೆ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. "ಉಸಿರು ಉಂಟಲ್ಲ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ನನಗೂ ಅದು ಕಾಣುತ್ತಿರಲಿಲ್ಲ.

ಕೊನೆಗೆ ಪಶುವೈದ್ಯರು ಪರದೆಯಲ್ಲಿ ದವಡೆಯ ಕೀಲಿನ ಹಿಂದೆ ಬೆರಳಿಟ್ಟರು. "ಇಲ್ಲಿ ಕಡ್ಡಿಯ ಚೂರು ಹೊಕ್ಕಿದೆ, ಸುತ್ತ ಕೀವು ಉಂಟು. ಇವತ್ತೇ ತೆಗೆಯುವ."

ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನಗಳ ಬಳಿಕ, ಜಗಲಿಯಲ್ಲಿ ಮಲಗಿದ್ದ ನಾಯಿ ಬಾಯಿ ಅಗಲಿಸಿ ಆಕಳಿಸಿತು. ಅದನ್ನು ನೋಡಿ ಅಮ್ಮ ಅತ್ತುಬಿಟ್ಟರು.