ಯಂತ್ರದ ಮುಂದೆ ನಿಂತವರು

"ಈ ಕ್ಯಾಮೆರಾಗೆ ಬೆನ್ನಿಲ್ಲ ಕಣ್ರೋ, ಬಚ್ಚಿಟ್ಕೊಳ್ಳಿ!"

ನಮ್ಮ ವರ್ಚುವಲ್ ರಿಯಾಲಿಟಿ ಸ್ನಾತಕೋತ್ತರ ತರಗತಿಯ ಮೇಷ್ಟ್ರು ಪ್ರತಿ ಚಿತ್ರೀಕರಣಕ್ಕೂ ಮುನ್ನ ಹೀಗೆ ಕೂಗುತ್ತಿದ್ದರು. ಸುತ್ತಲಿನದೆಲ್ಲವನ್ನೂ ಒಮ್ಮೆಗೇ ಸೆರೆಹಿಡಿಯುವ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವವರೇ ಕಾಣಬಾರದಲ್ಲ! ಎಲ್ಲರಿಗಿಂತ ಮೊದಲು ಅವರೇ ಹೊಟ್ಟೆಯನ್ನು ಒಳಗೆಳೆದುಕೊಂಡು ಯಾವುದಾದರೂ ಕಂಬದ ಹಿಂದೆ ಸರಿಯುತ್ತಿದ್ದರು.

ಪೀಣ್ಯದ ಕಾರ್ಖಾನೆಯೊಂದಕ್ಕೆ ಸುರಕ್ಷತಾ ತರಬೇತಿಯ ಚಿತ್ರ ಮಾಡಲು ಹೋಗಿದ್ದೆವು. ಅಲ್ಲಿನ ತಗಡು ಒತ್ತುವ ಒಂದು ಪ್ರೆಸ್ ಯಂತ್ರಕ್ಕೆ ಕೈ ಕಾಯುವ ಜಾಲರಿಯೇ ಇರಲಿಲ್ಲ. ಹೆಂಗಸೊಬ್ಬರು ಅದರೊಳಗೆ ಬರಿಗೈಯಲ್ಲಿ ತಗಡು ಇಡುತ್ತಿದ್ದರು.

"ಆ ಮೆಷಿನ್ ಮಾತ್ರ ಕಾಣ್ಬಾರ್ದು ಸಾರ್" ಎಂದರು ಮ್ಯಾನೇಜರ್. ಮೇಷ್ಟ್ರು ತಲೆಯಾಡಿಸಿದರು.

ನಾನು ಸಿಡಿದೆ. "ನಾಳೆ ಆ ಅಕ್ಕನ ಬೆರಳು ಹೋದ್ರೆ ಯಾರು ಸಾರ್ ಹೊಣೆ? ಇವರಾ? ನಾವಾ?"

ಮೇಷ್ಟ್ರು ಕ್ಯಾಮೆರಾ ಚಾಲೂ ಮಾಡಿದರು. ನಾವೆಲ್ಲ ಮರೆಯಾದೆವು, ಅವರು ಮಾತ್ರ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಆ ಯಂತ್ರದ ಮುಂದೆ ನಿಂತುಬಿಟ್ಟರು.

"ಸಾರ್, ನೀವೇ ಕಾಣ್ತಿದ್ದೀರಾ!" ಎಂದು ಗೆಳೆಯ ಕೂಗಿದ.

"ಕಾಣ್ಲಿ ಬಿಡೋ."

ಕಾರ್ಖಾನೆಗೆ ಹೊಸದಾಗಿ ಸೇರುವವರಿಗೆ ಇಂದಿಗೂ ಅದೇ ಚಿತ್ರವನ್ನು ತೋರಿಸುತ್ತಾರಂತೆ. ನಾನೂ ಹೆಡ್‌ಸೆಟ್ ಧರಿಸಿ ಅದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅವರು ಮ್ಯಾನೇಜರರ ಮಾತಿನಂತೆ ಯಂತ್ರವನ್ನು ಮುಚ್ಚಲು ನಿಂತರೋ, ಯಾರು ಹೊಣೆ ಎಂಬ ನನ್ನ ಪ್ರಶ್ನೆಗೆ ತಮ್ಮ ಮುಖವನ್ನೇ ಉತ್ತರವಾಗಿ ಕೊಟ್ಟರೋ ನನಗೆ ಇನ್ನೂ ತಿಳಿದಿಲ್ಲ. ಮುಖವನ್ನು ನೋಡಿದಷ್ಟೂ ಗೊಂದಲ ಹೆಚ್ಚುತ್ತದೆ. ಅವರ ಮೊಣಕೈ ಸಂದಿಯಲ್ಲಿ ಮಾತ್ರ ಆ ಹೆಂಗಸಿನ ಕೈ ಸ್ಪಷ್ಟವಾಗಿ ಕಾಣುತ್ತದೆ. ಅದು ಯಂತ್ರದೊಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ.