ತಾತನ ಕಾಲಿಗೆ ನಾನು ಹಾಕಿದ ಗೇರು

ಪುಟ್ಟೂ, ಚಿನ್ನೀ, ನಿಮ್ಮ ತಾತನ ಎಡಗಾಲಿನ ಅಡಿಯಲ್ಲಿ ಕರಿಯ ಕಲೆಯೊಂದಿತ್ತು. ಚಿಕ್ಕವರಿದ್ದಾಗ ನೀವು ಅದನ್ನು ಬೆರಳಿನಿಂದ ಒತ್ತಿ, ಇದೇನು ತಾತ ಎಂದು ಕೇಳುತ್ತಿದ್ದಿರಿ. "ನನ್ನ ದಡ್ಡತನ ಕಣ್ರೋ" ಎಂದು ಅವರು ನಗುತ್ತಿದ್ದರು. ಅದು ಅವರ ದಡ್ಡತನವಾಗಿರಲಿಲ್ಲ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗಲಿಲ್ಲ. ಹಳ್ಳಿಯ ಸ್ಕೂಲಿನಲ್ಲಿ ಕಲಿತ ಅಕ್ಷರವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಮಂಡಿ ಮೊಹಲ್ಲಾಕ್ಕೆ ಬಂದಾಗ ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ವಠಾರದಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ನಿಮ್ಮ ತಾತ ಮರಗೆಲಸದ ಕಾರ್ಖಾನೆಯಲ್ಲಿದ್ದರು. ದಿನವಿಡೀ ನಿಂತೇ ಮಾಡುವ ಕೆಲಸ. ಬೆಳಗಾಗುವ ಹೊತ್ತಿಗೆ ಹಿನಕಲ್‌ನಲ್ಲಿದ್ದ ಅವರ ಅಣ್ಣನ ಮನೆಗೆ ಓಡಿ, ಹಾಲಿನ ಕ್ಯಾನು ಹಿಡಿದು ಓಡಿಯೇ ಹಿಂದಿರುಗುತ್ತಿದ್ದರು, ಬರಿಗಾಲಲ್ಲಿ. ಪಕ್ಕದ ಮನೆಯ ಅಕ್ಕ, ಜಟಕಾ ಓಡಿಸುವವರ ಹೆಂಡತಿ, ಬಾಗಿಲಲ್ಲಿ ನಿಂತು ಕೀಟಲೆ ಮಾಡುವರು.

"ನಿಮ್ಮೆಜಮಾನ್ರು ತರೋ ಹೊತ್ಗೆ ಹಾಲು ಬೆಣ್ಣೆ ಆಗಿರ್ತದೆ ಕಣಮ್ಮ. ನಿಂಗೆ ಕಡೆಯೋ ಕೆಲ್ಸ ಉಳೀತು."

ಆ ವರ್ಷ ಊರಿನಲ್ಲಿ ದೊಡ್ಡ ಓಟವೊಂದು ಏರ್ಪಾಡಾಯಿತು. ಶ್ರೀರಂಗಪಟ್ಟಣ ದಾಟಿ ಹೋಗಿ ತಿರುಗಿ ಮೈಸೂರಿಗೇ ಬರಬೇಕು, ಇಪ್ಪತ್ತಾರು ಮೈಲಿ. ತಾತ ಹೆಸರು ಕೊಟ್ಟರು. ಗೆಲ್ಲುವ ಆಸೆ ಅವರಿಗಿರಲಿಲ್ಲ. ಬೂಟು ಹಾಕಿದ ಕಾಲೇಜು ಹುಡುಗರ ಮಧ್ಯೆ ಬರಿಗಾಲಲ್ಲಿ ಓಡಿ ಮುಗಿಸಬೇಕು, ಅಷ್ಟೆ. ಆಗಲೇ ಅವರಿಗೆ ಮೂವತ್ತು ದಾಟಿತ್ತು. ಇನ್ನೊಂದು ಸಲ ಸಿಕ್ಕುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಓಟಕ್ಕೆ ಹತ್ತು ದಿನವಿರುವಾಗ ಎಡಗಾಲಿನ ಅಡಿಯಲ್ಲಿ ಆಣಿ ಗಟ್ಟಿಯಾಗಿ ಚುಚ್ಚತೊಡಗಿತು. ಒಂದು ಸಂಜೆ ಅವರು ಅಗಸರ ಮನೆಯಿಂದ, ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಬೀಜ ಎರಡನ್ನು ತಂದರು.

"ನಿಮ್ಮೂರಲ್ಲಿ ಇದರ ಸೊನೆ ಕಾಲಿಗೆ ಹಾಕ್ತಾರಂತಲ್ಲ. ನಿಂಗೆ ಬತ್ತದಾ?"

ನಮ್ಮಜ್ಜಿ ಹಾಕುವುದನ್ನು ನಾನು ನೋಡಿದ್ದೆ, ಅಷ್ಟೆ. ಒಮ್ಮೆಯೂ ಮಾಡಿರಲಿಲ್ಲ. ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. ನಿನಗೆ ಬರುತ್ತದಾ ಎಂದು ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ತಲೆಯಾಡಿಸಿದೆ. ಬೀಜವನ್ನು ದಬ್ಬಳಕ್ಕೆ ಚುಚ್ಚಿ ದೀಪಕ್ಕೆ ಹಿಡಿದೆ. ಕಪ್ಪು ಸೊನೆ ತೊಟ್ಟಿಕ್ಕಿತು. ಆಣಿಯ ಮೇಲೆ ಬಿದ್ದದ್ದು ಸ್ವಲ್ಪ, ಹರಿದು ಸುತ್ತಲಿನ ಒಳ್ಳೆಯ ಚರ್ಮಕ್ಕೆ ಹತ್ತಿದ್ದೇ ಹೆಚ್ಚು. ಅಜ್ಜಿ ಮೊದಲು ಸೊನೆ ಹರಿಯದಂತೆ ಆಣಿಯ ಸುತ್ತ ಸುಣ್ಣದ ಕಟ್ಟೆ ಕಟ್ಟುತ್ತಿದ್ದರು ಎಂಬುದು ನನಗೆ ನೆನಪಾದದ್ದು ಮಾರನೆಯ ದಿನ, ಪಾದವೆಲ್ಲ ಕೆಂಪಾಗಿ ಬೊಬ್ಬೆ ಎದ್ದ ಮೇಲೆ.

ಬೊಬ್ಬೆ ಒಡೆದು ಹುಣ್ಣಾಯಿತು. ದವಾಖಾನೆಯ ಕಾಂಪೌಂಡರ್ ತೊಳೆದು ಪಟ್ಟಿ ಕಟ್ಟುತ್ತ ಹೇಳಿದರು:

"ಈ ಕಾಲಲ್ಲಿ ಓಡಿದ್ರೆ ಕೀವು ಮೇಲಕ್ಕೇರ್ತದೆ ಕಣ್ರೀ. ಆಮೇಲೆ ಕಾಲೇ ಇರಲ್ಲ, ಮರಗೆಲಸ ಎಲ್ಲಿ ಮಾಡ್ತೀರಿ? ಯಾರು ಹಾಕಿದ್ದು ಇದನ್ನ?"

"ನಾನೇ ಹಾಕ್ಕೊಂಡೆ" ಎಂದರು ತಾತ. ನಾನು ಬಾಗಿಲ ಪಕ್ಕದಲ್ಲಿ ಸೆರಗು ಹಿಡಿದು ನಿಂತಿದ್ದೆ. ದಾರಿಯಲ್ಲಿ ಅವರು "ನನ್ನ ಮೈಗೆ ಗೇರು ಆಗಲ್ಲ ಅಂತ ಕಾಣ್ತದೆ" ಎಂದರು. ಸುಣ್ಣದ ಮಾತು ನನ್ನ ಬಾಯಿಯ ತನಕ ಬಂತು. ಹೇಳಲಿಲ್ಲ.

ಓಟದ ದಿನ ಅವರು ನನ್ನ ಹಳೆಯ ಸೀರೆಯ ಪಟ್ಟಿಗಳನ್ನು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡು ಹೊರಟೇಬಿಟ್ಟರು. ಬೇಡವೆನ್ನಲು ನನಗೆ ಮುಖವಿರಲಿಲ್ಲ. ಓಟಗಾರರು ಊರೊಳಕ್ಕೆ ಬರುವಾಗ ನಮ್ಮ ಬೀದಿಯ ತುದಿಯ ದೊಡ್ಡ ರಸ್ತೆಯಲ್ಲೇ ಹಾಯಬೇಕಿತ್ತು. ಪಕ್ಕದ ಮನೆಯ ಅಕ್ಕ ನನ್ನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದರು. ಅಂಗಡಿಗಳ ಮುಂದೆಲ್ಲ ಗಂಡಸರು. ನಾನು ಒಂದು ಜಗಲಿಯ ಮೂಲೆಯಲ್ಲಿ ನಿಂತೆ. ಹುಡುಗರು ಒಬ್ಬೊಬ್ಬರಾಗಿ ಹೋದರು. ಬಹಳ ಹೊತ್ತು ಯಾರೂ ಬರಲಿಲ್ಲ. ಜನ ಕರಗತೊಡಗಿದಾಗ ತಾತ ಕಂಡರು. ಅದು ಓಟವಾಗಿರಲಿಲ್ಲ. ಎಡಗಾಲನ್ನು ಅಂಚಿನ ಮೇಲೆ ಊರಿ ಕುಂಟುತ್ತಿದ್ದರು. ಪಟ್ಟಿ ಕೆಂಪಾಗಿತ್ತು.

"ಇನ್ನೆರಡೇ ಮೈಲಿ, ಬುಡ್ಬೇಡಿ" ಎಂದು ಯಾರೋ ಕೂಗಿದರು. "ಹಾಲು ಒಡೆದೋಯ್ತದೆ, ಬೇಗ ಬೇಗ" ಎಂದು ಇನ್ಯಾರೋ ನಗಿಸಿದರು.

ತಾತ ನನ್ನನ್ನು ನೋಡಿ ಜಗಲಿಗೆ ಬಂದು ಕೂತರು. ನಾನು ಪಟ್ಟಿ ಬಿಚ್ಚಿದೆ. ಬಟ್ಟೆಯ ಜೊತೆ ಚರ್ಮವೂ ಬಂತು. ಮೊಣಕಾಲಿನವರೆಗೆ ಬಿಸಿಯಿತ್ತು. ಅವರ ಕಣ್ಣಲ್ಲಿ ಇನ್ನೂ ಹೋಗುವ ಆಸೆಯಿತ್ತು.

"ಏನ್ಮಾಡ್ಲಿ, ನೀನೇ ಹೇಳು" ಎಂದರು.

ಅಷ್ಟು ಜನರ ನಡುವೆ ನಾನು ಅವರೊಂದಿಗೆ ಎಂದೂ ಮಾತಾಡಿದವಳಲ್ಲ. ಅವರ ಆಸೆಯನ್ನು ಕೆಡಿಸಿದವಳು ನಾನು, ಅವರನ್ನು ನಿಲ್ಲಿಸಬೇಕಾದವಳೂ ನಾನೇ ಆಗಿದ್ದೆ.

"ಸಾಕು. ಮನೆಗೆ ಬನ್ನಿ."

"ಕೇಳಿಸ್ನಿಲ್ಲ."

"ಸಾಕು ಅಂದೆ" ಎಂದೆ. ಈ ಸಲ ಅಂಗಡಿಯವರಿಗೂ ಕೇಳಿಸಿತು.

 ಅವರು ಎದೆಗೆ ಹೊಲಿದಿದ್ದ ನಂಬರಿನ ಬಟ್ಟೆಯನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಅಕ್ಕನ ಯಜಮಾನರು ಜಟಕಾ ತಂದು ದವಾಖಾನೆಗೆ ಕರೆದೊಯ್ದರು. ಹುಣ್ಣು ಮಾಯಲು ಎರಡು ತಿಂಗಳಾಯಿತು. ಕಾಲು ಉಳಿಯಿತು, ಕೆಲಸವೂ ಉಳಿಯಿತು. ಓಟ ಉಳಿಯಲಿಲ್ಲ. ಹಿನಕಲ್ಲಿಗೆ ಸೈಕಲ್ಲಿನಲ್ಲಿ ಹೋಗತೊಡಗಿದರು.

ನಿಮ್ಮಪ್ಪ ಬೆಳೆದದ್ದು ತಾತ ಹೇಳುತ್ತಿದ್ದ ಕಥೆ ಕೇಳಿಕೊಂಡು. "ನಾನೇ ಗೇರು ಹಾಕ್ಕೊಂಡು ಕೆಡಿಸ್ಕೊಂಡೆ" ಎಂದು ಅವರು ಪ್ರತಿ ಸಲವೂ ಹೇಳುವರು. ಮಕ್ಕಳು ನಗುವರು. ನಾನು ಸಾರು ಬಡಿಸುತ್ತಿದ್ದೆ. ನನಗೆ ಆ ಕೆಲಸ ಬರುತ್ತಿರಲಿಲ್ಲ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವರ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲಿ ಹದಿನೊಂದು ದಿನ ಕೂತಿದ್ದೆ. ಆಗಲೂ ಹೇಳಲಿಲ್ಲ. ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ, ಅದೂ ನನಗೆ ಗೊತ್ತು.

ಈ ಹಾಳೆಗಳನ್ನು ತೇವ ತಾಗದ ಕಡೆ ಇಡಿ. ನಿಮ್ಮಪ್ಪನಿಗೆ ಈಗಲೇ ತೋರಿಸಬೇಡಿ, ನಾನು ಹೋದ ಮೇಲೆ ತೋರಿಸಿ. ಅವನು ನಂಬಿರುವ ಕಥೆಯಲ್ಲಿ ತಪ್ಪು ಅವನ ಅಪ್ಪನದು. ಅಲ್ಲ ಎಂದು ಹೇಳಲು ಇದಲ್ಲದೆ ಬೇರೇನೂ ಇಲ್ಲ. ಕಳೆಯಬೇಡಿ.